ಗ್ಲೆನಿಸ್ ಕೊಡದ ಖಾತ್ರಿ

ಗ್ಲೆನಿಸ್ ಪ್ಯೂಳ ಬಾಯಿಂದ ಖಚಿತವಾದ ಒಂದು ಮಾತು ಹೊರಡಿಸುವುದೂ ಒಂದೇ, ಕಲ್ಲಿನಲ್ಲಿ ನಾರು ತೆಗೆಯುವುದೂ ಒಂದೇ ಎಂದು ಅವಳ ತಾಯಿ ನೆಸ್ಟಾ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಮುದುಕಿಯ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅವರ ಊರಾದ ಕ್ರಾಯ್ಡನ್ನಿನ ಸಂತೆಯಲ್ಲಿ ಆಲೂಗಡ್ಡೆ ಮಾರುವವನು "ಹೋದ ವಾರದ ಮಾಲು ಹೇಗಿತ್ತು, ಚಿನ್ನ?" ಎಂದರೆ, "ನಾನು ಹೆಚ್ಚಿದಷ್ಟು ಚೆನ್ನಾಗಿದ್ದವು" ಎನ್ನುವಳು. ಹೆಚ್ಚದೆ ಉಳಿದ ಆಲೂಗಡ್ಡೆಯ ಪರವಾಗಿ ಸಾಕ್ಷಿ ಹೇಳುವವರ ಪೈಕಿ ಅವಳಲ್ಲ.

ಹುಟ್ಟುಗುಣವೆನ್ನುವಂತಿಲ್ಲ, ಕೆಲಸ ಕಲಿಸಿದ ಗುಣ. ಗ್ಲೆನಿಸ್ ಸರ್ಕಾರದ ಕಚೇರಿಯೊಂದರಲ್ಲಿ ಅಂಕಿಅಂಶ ಕೂಡಿಸುವವಳು. ದೇಶದೊಳಗೆ ಬಿಡದೆ ಬಾಗಿಲಲ್ಲೇ ತಡೆದ ಜನ, ಹಿಡಿದು ಇಟ್ಟ ಜನ, ವಿಮಾನ ಹತ್ತಿಸಿ ಮರಳಿ ಕಳಿಸಿದ ಜನ, ಇವರ ಲೆಕ್ಕ ಮೂರು ತಿಂಗಳಿಗೊಮ್ಮೆ ಅಲ್ಲಿಂದ ಹೊರಬೀಳುತ್ತದೆ. ಒಬ್ಬನೇ ಮನುಷ್ಯನನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದರೆ ಆ ಪಟ್ಟಿಯಲ್ಲಿ ಅವನು ಎರಡಾಗುತ್ತಾನೆ. ಇಂಥ ಲೆಕ್ಕದಲ್ಲಿ ಬಾಯಿ ಜಾರಿದರೆ ಮರುದಿನ ಪತ್ರಿಕೆಯವರು ಜನ್ಮ ಜಾಲಾಡುತ್ತಾರೆ. ಹಾಗಾಗಿ ಆ ಕೋಣೆಯಲ್ಲಿ ಎಲ್ಲರೂ "ಸದ್ಯಕ್ಕೆ", "ತಿಳಿದ ಮಟ್ಟಿಗೆ", "ಮುಂದೆ ಬದಲಾಗಬಹುದು" ಎಂದು ಸೇರಿಸಿಯೇ ಮಾತಾಡುವುದು. ಉಳಿದವರು ಸಂಜೆ ಕೋಟು ಹಾಕಿಕೊಳ್ಳುವಾಗ ಆ ಮಾತುಗಳನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಗ್ಲೆನಿಸ್ ಮನೆಗೂ ಹೊತ್ತು ತರುತ್ತಿದ್ದಳು.

ಅವಳ ಅಣ್ಣ ಐವರ್ ಹರೆಯದಲ್ಲೇ ಬ್ರೆಜಿಲ್ಲಿಗೆ ಹೋಗಿ, ಬೆಲೆಂ ಎಂಬ ಊರಿನ ಬಂದರಿನಲ್ಲಿ ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ಹೋದ ವರ್ಷ ಅಲ್ಲೇ ಮಣ್ಣಾದ. ಅವನ ಒಬ್ಬಳೇ ಮಗಳು ಜುರೆಮಾ ಶಾಲೆಯಲ್ಲಿ ಚಿತ್ರ ಕಲಿಸುತ್ತಾಳೆ. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಫೋನಿನ ಗಾಜಿನಲ್ಲಿ ಮಾತ್ರ ಕಂಡವರು. ಈ ಕ್ರಿಸ್‌ಮಸ್‌ಗೆ ಜುರೆಮಾ ಬರುತ್ತಾಳೆಂದು ಗೊತ್ತಾದಾಗಿನಿಂದ ನೆಸ್ಟಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮಗನ ಮುಖವಂತೂ ಕೊನೇಲಿ ನೋಡ್ಲಿಲ್ಲ. ಅವನ ಮೂಗು ಅವಳಿಗೆ ಬಂದಿದೆ, ಅದನ್ನಾದ್ರೂ ಒಂದ್ಸಲ ಹಿಡಿದು ನೋಡ್ತೀನಿ" ಎನ್ನುತ್ತಿದ್ದಳು.

ಜುರೆಮಾ ಬಂದಿಳಿಯುವ ದಿನ ಬೆಳಗ್ಗೆ ಗ್ಲೆನಿಸ್ ಕಚೇರಿಯಲ್ಲಿದ್ದಾಗ ಫೋನು ಬಂತು. ವಿಮಾನ ನಿಲ್ದಾಣದ ಗಡಿ ಅಧಿಕಾರಿ. ಬಂದವರ ಮೇಲೆ ಸಂಶಯ ಬಂದರೆ ಕರೆಸಿಕೊಂಡವರನ್ನು ಹೀಗೆ ವಿಚಾರಿಸುವುದು ಅವರ ವಾಡಿಕೆ.

"ಜುರೆಮಾ ಪ್ಯೂ ಅನ್ನೋರು ನಿಮ್ಮನೆಗೆ ಬರ್ತಿದಾರಾ, ಮೇಡಮ್?"

"ಹೌದು. ನಮ್ಮಣ್ಣನ ಮಗಳು."

"ಎಷ್ಟು ದಿನ ಇರ್ತಾರೆ?"

"ಮೂರು ವಾರ ಅಂದಿದ್ಲು."

"ಆಮೇಲೆ ವಾಪಸ್ ಹೋಗೋದು ಖಾತ್ರಿನಾ?"

ಬೇರೆ ಯಾವ ಅತ್ತೆಯಾದರೂ "ಹೋಗದೆ ಇನ್ನೇನು ಮಾಡ್ತಾಳೆ!" ಎಂದುಬಿಡುತ್ತಿದ್ದಳು. ಗ್ಲೆನಿಸ್ ಯೋಚಿಸಿದಳು.

"ನನಗೆ ತಿಳಿದ ಮಟ್ಟಿಗೆ ಹೋಗ್ತಾಳೆ. ಖಾತ್ರಿಯಾಗಿ ನಾನು ಹೇಳೋಕಾಗಲ್ಲ."

"ಅಲ್ಲಿ ಅವರಿಗೆ ಕೆಲಸ ಇದೆಯಾ?"

"ಇದೆ ಅಂತ ಹೇಳಿದ್ಲು. ನಾನು ಕಣ್ಣಾರೆ ಕಂಡಿಲ್ಲ."

"ಅವರನ್ನ ಯಾವತ್ತಾದ್ರೂ ಭೇಟಿ ಮಾಡಿದೀರಾ?"

"ಇಲ್ಲ."

ಅಧಿಕಾರಿ ಥ್ಯಾಂಕ್ಸ್ ಹೇಳಿ ಫೋನಿಟ್ಟ. ಗ್ಲೆನಿಸ್‌ಗೆ ಸಮಾಧಾನವಾಗಿತ್ತು. ಒಂದು ಅಕ್ಷರವೂ ಸುಳ್ಳಾಡಿರಲಿಲ್ಲವಲ್ಲ! ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಎರಡೂ ಕಡೆ ಬೆಳಕಾಯಿತೆಂದು ಹಿಗ್ಗುವ ಜನರಲ್ಲಿ ಅವಳೂ ಒಬ್ಬಳು.

ಸಂಜೆ ಬಾಗಿಲು ತೆರೆದರೆ ನೆಸ್ಟಾ ಹಜಾರದ ಕುರ್ಚಿಯಲ್ಲಿ ಫೋನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜುರೆಮಾಳನ್ನು ಒಳಗೆ ಬಿಟ್ಟಿರಲಿಲ್ಲ. ಮರಳಿ ಕಳಿಸಲು ಎರಡು ದಿನ ವಿಮಾನದಲ್ಲಿ ಜಾಗವಿಲ್ಲವೆಂದು ನಿಲ್ದಾಣದ ಪಕ್ಕದ ಬಂಧನ ಕೇಂದ್ರಕ್ಕೆ ಒಯ್ದಿದ್ದರು. ಅಲ್ಲಿಂದ ಹುಡುಗಿ ಅಳುತ್ತ ಫೋನು ಮಾಡಿದ್ದಳು.

"ನಿಮ್ಮತ್ತೇನೇ ನಿಮ್ಮನ್ನ ನಂಬಲ್ಲ, ನಾವು ಹೇಗೆ ನಂಬೋಣ ಅಂದ್ರಂತೆ" ಎಂದಳು ನೆಸ್ಟಾ. "ಏನಂದೆ ನೀನು?"

ಗ್ಲೆನಿಸ್ ತಾನು ಹೇಳಿದ್ದನ್ನು ಇದ್ದದ್ದಿದ್ದ ಹಾಗೆ ಒಪ್ಪಿಸಿದಳು.

"ಅಯ್ಯೋ ನನ್ನ ಕರ್ಮವೇ! ಸ್ವಂತ ಅಣ್ಣನ ರಕ್ತ ಕಣೇ ಅದು, ಆಲೂಗಡ್ಡೆ ಅಲ್ಲ!"

ಮರುದಿನ ಗ್ಲೆನಿಸ್ ರಜೆ ಹಾಕಿ ಸಿಕ್ಕ ಸಿಕ್ಕ ನಂಬರಿಗೆಲ್ಲ ಫೋನು ಮಾಡಿದಳು. ಜುರೆಮಾ ಮರಳಿ ಹೋಗುವುದು ಖಂಡಿತ, ಜವಾಬ್ದಾರಿ ನನ್ನದು, ಬೇಕಾದರೆ ಬರೆದುಕೊಡುತ್ತೇನೆ ಎಂದು ಗೋಗರೆದಳು. ಕೊನೆಗೆ ಗಡಿ ಕಚೇರಿಯ ಒಬ್ಬಾಕೆ ಮೆತ್ತಗೆ, "ನಿನ್ನೆ ಒಂದು ಹೇಳಿದೀರಿ, ಇವತ್ತು ಒಂದು ಹೇಳ್ತಿದೀರಿ. ನಾವು ಯಾವುದನ್ನ ನಂಬೋದು, ಮೇಡಮ್?" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಸಂಜೆಗೆ ಭೇಟಿಯ ಸಮಯ ಕೊಡಿಸಿದವಳೂ ಆಕೆಯೇ. ಅಷ್ಟು ಮಾತ್ರಕ್ಕೆ ಆಕೆಯ ಹೊಟ್ಟೆ ತಣ್ಣಗಿರಲಿ.

ಆ ಕೇಂದ್ರದಲ್ಲಿ ಎಷ್ಟು ಜನ ಇರುತ್ತಾರೆಂದು ಗ್ಲೆನಿಸ್ ಸಾಕಷ್ಟು ಸಲ ಎಣಿಸಿದ್ದಳು, ಕಾಲಿಟ್ಟಿರಲಿಲ್ಲ. ಹೊರಗೆ ಎತ್ತರದ ಬೇಲಿ, ಒಳಗೆ ಪ್ರಾಥಮಿಕ ಶಾಲೆಯಂಥ ನೀಲಿ ಕುರ್ಚಿಗಳು. ಬಾಗಿಲಲ್ಲಿ ಕೈಚೀಲ ತೆಗೆದಿಡಬೇಕಾಯಿತು. ನೆಸ್ಟಾ ಮೊಮ್ಮಗಳಿಗೆಂದು ಬೆಳಗ್ಗೆ ಹೆಂಚಿನ ಮೇಲೆ ಬೇಯಿಸಿ ತಂದಿದ್ದ ಒಣದ್ರಾಕ್ಷಿಯ ಬಿಲ್ಲೆಗಳನ್ನೂ ಬಿಡಲಿಲ್ಲ.

"ಮನೆ ತಿಂಡಿ ಒಳಗೆ ಬಿಡಲ್ಲ, ಅಜ್ಜಿ" ಎಂದ ಕಾವಲಿನವನು.

"ಹಾಗಾದ್ರೆ ನೀನೇ ತಿನ್ನು. ನಿಂಗೂ ಒಬ್ಬಳು ಅಜ್ಜಿ ಇದ್ದಾಳಲ್ಲ, ತಿನ್ನೋವಾಗ ಅವಳನ್ನ ನೆನೆಸ್ಕೊ" ಎಂದು ಡಬ್ಬಿಯನ್ನು ಅವನ ಕೈಗೇ ತುರುಕಿದಳು. ಅವನ ಕಿವಿ ಕೆಂಪಗಾಯಿತು.

ಜುರೆಮಾ ಬಂದಳು. ಅಜ್ಜಿ ಮೊದಲು ಅವಳ ಮೂಗನ್ನು ಎರಡು ಬೆರಳಲ್ಲಿ ಹಿಡಿದಳು, ಆಮೇಲೆ ಅತ್ತಳು. ಮೇಜಿನ ಆಚೆ ಗ್ಲೆನಿಸ್ ಕೈಕಟ್ಟಿ ಕೂತಳು. ಆ ಇಬ್ಬರನ್ನೂ ನೋಡುವಾಗ ಅವಳಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಜುರೆಮಾಳೇ ಅವಳ ಕಡೆ ತಿರುಗಿದಳು. "ನಾನು ಬರೋದು ನಿಮಗೆ ಇಷ್ಟ ಇರ್ಲಿಲ್ವಾ, ಅತ್ತೆ?"

"ಇತ್ತು. ನಿನಗೆ ಅಂತ ಕೋಣೆಗೆ ಬಣ್ಣ ಹೊಡೆಸಿದೀನಿ. ತಪ್ಪು ನಂದೇ, ಕಂದಾ. ಪೂರ್ತಿ ನಂದೇ."

ಆ ಮಾತಿಗೆ "ತಿಳಿದ ಮಟ್ಟಿಗೆ" ಎಂಬ ಬಾಲವಿರಲಿಲ್ಲ. ಜುರೆಮಾ ಅವಳ ಕೈ ಹಿಡಿದುಕೊಂಡಳು. ದೊಡ್ಡ ಮನಸ್ಸಿನ ಹುಡುಗಿ, ಅಪ್ಪನ ಹಾಗೇ.

ಸಮಯವಾಯಿತೆಂದು ಕಾವಲಿನವನು ಕೂಗಿದ. ಹುಡುಗಿ ಏಳುತ್ತ, "ಮತ್ತೆ ನನ್ನ ಬಿಡ್ತಾರಾ? ಅಜ್ಜಿ ಇರೋವಾಗ್ಲೇ ಬರೋಕಾಗುತ್ತಾ?" ಎಂದು ಕೇಳಿದಳು.

ಒಮ್ಮೆ ಬಾಗಿಲಲ್ಲಿ ತಡೆಸಿಕೊಂಡವರಿಗೆ ಎರಡನೆಯ ಸಲ ಬಾಗಿಲು ಎಷ್ಟು ಬಿಗಿಯೆಂದು ಗ್ಲೆನಿಸ್‌ಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಬರ್ತೀಯ. ಖಂಡಿತ ಬರ್ತೀಯ" ಎಂದಳು ಅವಳು.

ನೆಸ್ಟಾ ಮೊಮ್ಮಗಳ ಬೆನ್ನು ಸವರುತ್ತಿದ್ದಳು. ಮಗಳ ಕಡೆ ನೋಡಲಿಲ್ಲ. "ಎಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ಲೇ ನಿಂಗೆ" ಎಂದಳು. "ಇದನ್ನೇ ನಿನ್ನೆ ಫೋನಲ್ಲಿ ಆ ಅಧಿಕಾರಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ?"