ಮೂರು ಸಲ ಬಿಕರಿಯಾದ ನಗು

ಹೋದ ತಿಂಗಳು ಸೈಟಿನ ಕೆಲಸಕ್ಕೆಂದು ಹುಣಸೂರಿನ ನೋಂದಣಿ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಈಗ ಎಲ್ಲದಕ್ಕೂ ಮಷೀನು, ಬೆರಳಿಟ್ಟರೆ ಆಯಿತು. ನನ್ನ ಮುಂದಿದ್ದ ಅಜ್ಜಿಯ ಬೆರಳನ್ನು ಮಾತ್ರ ಅದು ಒಪ್ಪಲಿಲ್ಲ. ಒರೆಸಿ ಇಟ್ಟರೂ ಇಲ್ಲ, ಒದ್ದೆ ಮಾಡಿ ಇಟ್ಟರೂ ಇಲ್ಲ. ಗುಮಾಸ್ತ ಗೊಣಗಿಕೊಂಡು ಡ್ರಾಯರಿನಿಂದ ಹಳೇ ಇಂಕ್ ಪ್ಯಾಡ್ ತೆಗೆದು ಮುಚ್ಚಳ ಬಿಚ್ಚಿದ. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು... ಸ್ಟುಡಿಯೋ ಅಣ್ಣ ನೆನಪಾದರು.

ಇಷ್ಟು ವರ್ಷ ನೆನಪೇ ಆಗಿರಲಿಲ್ಲ ಅಂತಲ್ಲ. ನೆನಪಾದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ, ಅಷ್ಟೇ.

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಾನು ಸೈಬರ್ ಸೆಂಟರ್ ಇಟ್ಟುಕೊಂಡಿದ್ದೆ. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೊಂದು ಫ್ಯಾನು. ಪಕ್ಕದ್ದೇ ಅವರ ಫೋಟೋ ಸ್ಟುಡಿಯೋ. ಒಳಗೆ ಜಲಪಾತದ ಪರದೆ, ಕನ್ನಡಿ, ಎಲ್ಲರಿಗೂ ಒಂದೇ ಬಾಚಣಿಗೆ. ಬಿಳಿಕೆರೆಯಿಂದ ಹ್ಯಾಂಡ್‌ಪೋಸ್ಟ್‌ವರೆಗೆ ಎಷ್ಟೋ ಹಳ್ಳಿಗಳ ಮದುವೆ ಅವರ ಕ್ಯಾಮೆರಾದಲ್ಲೇ ಆಗಿತ್ತು. ಮದುಮಗನ ಗಲ್ಲ ಹಿಡಿದು ತಿರುಗಿಸಿ, "ಉಸ್ರು ಇಡ್ಕೊ... ಹ್ಞಾಂ, ಈಗ ಬುಡು" ಅನ್ನುವವರು. ಯಾವ ಊರಿನ ಯಾವ ಮನೆ ನಡುಮನೆಯಲ್ಲಿ ತಮ್ಮ ಯಾವ ಫೋಟೋ ನೇತಾಡುತ್ತಿದೆ ಎಂದು ಬಾಯಿಪಾಠ ಹೇಳುತ್ತಿದ್ದರು. ಅದೇ ಅವರ ಜಂಬ. ನನಗೆ ಬೇಜಾರಾಗುತ್ತಿತ್ತು, ಆದರೂ ಕೇಳುತ್ತಿದ್ದೆ.

ಆಮೇಲೆ ಡಿಜಿಟಲ್ ಬಂತು. ಹಳ್ಳಿಗೊಬ್ಬ ಫೋಟೋಗ್ರಾಫರ್ ಹುಟ್ಟಿಕೊಂಡ. ಅಣ್ಣನೂ ಸ್ಕೂಟರ್ ಮಾರಿ ಡಿಜಿಟಲ್ ಕ್ಯಾಮೆರಾ ತಂದರು. ಕ್ಯಾಮೆರಾ ಏನೋ ಬಂತು, ಗಿರಾಕಿ ಬರಬೇಕಲ್ಲ? ಮಧ್ಯಾಹ್ನವೆಲ್ಲ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅಂಥದೇ ಒಂದು ಮಧ್ಯಾಹ್ನ ನಾನು ಇಂಟರ್‌ನೆಟ್ಟಿನಲ್ಲಿ ಏನೋ ಹುಡುಕುವಾಗ ಫೋಟೋ ಮಾರುವ ಒಂದು ವೆಬ್‌ಸೈಟ್ ಸಿಕ್ಕಿತು. ಯಾರು ಬೇಕಾದರೂ ಫೋಟೋ ಹಾಕಬಹುದು, ಯಾವ ದೇಶದವರು ಬೇಕಾದರೂ ಅಗ್ಗಕ್ಕೆ ಕೊಳ್ಳಬಹುದು. ಒಂದೇ ಫೋಟೋ ಎಷ್ಟು ಸಲ ಬೇಕಾದರೂ ಬಿಕರಿಯಾಗಬಹುದು. ಹೇಳಿದೆ. ಅಣ್ಣ ಪೇಪರ್ ಮಡಿಸದೆಯೇ ನಕ್ಕರು.

"ನಮ್ಮೂರ್ ಪಟ ಯಾರಿಗ್ ಬೇಕು ಕಣವ್ವ?"

ಮರುದಿನ ಮಾತ್ರ ಹತ್ತು ಫೋಟೋ ತಂದಿದ್ದರು. ಅವರ ಲೆಕ್ಕದಲ್ಲಿ ಅವು ಮುತ್ತಿನಂಥವು: ಧಾರೆ, ಆರತಿ, ಬೀಗರ ಊಟ. ಪ್ರತಿಯೊಂದರ ಮೂಲೆಯಲ್ಲೂ ಸ್ಟುಡಿಯೋ ಹೆಸರು ಕೆಂಪಕ್ಷರದಲ್ಲಿ. ವೆಬ್‌ಸೈಟಿಗೆ ಹಾಕಿದೆ, ಹತ್ತಕ್ಕೆ ಹತ್ತೂ ವಾಪಸ್ ಬಂದವು. ಹೆಸರು ಬರೆದಿರಬಾರದಂತೆ, ಹಿಂದೆ ಕಾಣುವ ಎಣ್ಣೆ ಡಬ್ಬದ ಮೇಲೆ ಕಂಪನಿ ಗುರುತು ಇರಬಾರದಂತೆ, ಜನ ಹೀಗೆ ಸೆಟೆದು ನಿಂತಿರಬಾರದಂತೆ. ನಾನು ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅಣ್ಣನ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ನನ್ನ ಫೋಟೋ ವಾಪಸ್ ಕೊಟ್ಟಿಲ್ಲ, ಇವನ್ಯಾವನು ಎಂದು ಎದ್ದು ಹೋದರು.

ಒಂದು ವಾರ ಬಿಟ್ಟು ಸ್ಟುಡಿಯೋ ತಾರಸಿ ಮೇಲೆ ಬಿಳಿ ಡ್ರಾಯಿಂಗ್ ಶೀಟ್ ಹಾಸಿ ಏನೋ ಮಾಡುತ್ತಿದ್ದರು. ಹೋಗಿ ನೋಡಿದರೆ ಶೀಟಿನ ನಡುವೆ ಒಂದು ರಾಗಿಮುದ್ದೆ! ಬಿಸಿ ಆರುವ ಮುಂಚೆ ಹೊಳಪು ಹಿಡಿಯಬೇಕೆಂದು ಒದ್ದಾಡುತ್ತಿದ್ದರು. ಅತ್ತಿಗೆ ಸೌಟು ಹಿಡಿದುಕೊಂಡು, "ಉಣ್ಣೋ ಅನ್ನದ್ದೂ ಪಟ ಇಡೀತಾರಾ ನಿಮ್ಮಣ್ಣ!" ಎಂದು ನನ್ನ ಮೇಲೇ ಹರಿಹಾಯ್ದರು. ಮುದ್ದೆ ಪಾಸಾಯಿತು. ಎಳನೀರು ಪಾಸಾಯಿತು. ಮೂರು ಒಣಮೆಣಸಿನಕಾಯಿಯ ಫೋಟೋವನ್ನು ಯಾರೋ ಪುಣ್ಯಾತ್ಮರು ಕೊಂಡೂ ಕೊಂಡರು. ಬಂದದ್ದು ಎರಡು ಟೀ ಕಾಸು. ಅದೂ ಕೈಗಲ್ಲ, ನೂರು ಡಾಲರ್ ತುಂಬುವ ತನಕ ಅವರು ಕಳಿಸುವುದಿಲ್ಲ. ಅಣ್ಣ ಆವತ್ತು ಇಡೀ ಗಲ್ಲಿಗೆ ಟೀ ಕುಡಿಸಿದರು.

ಜನರ ಫೋಟೋ ಹೆಚ್ಚು ಹೋಗುತ್ತದೆ ಎಂದು ಹೇಳಿದವಳು ನಾನೇ. ಆದರೆ ಮುಖ ಕಂಡರೆ ಆ ಮುಖದವರ ಒಪ್ಪಿಗೆ ಬೇಕು. ಅದಕ್ಕೊಂದು ಎರಡು ಪುಟದ ಇಂಗ್ಲಿಷ್ ಫಾರಂ. ಹತ್ತು ಪ್ರತಿ ಪ್ರಿಂಟ್ ತೆಗೆದುಕೊಟ್ಟೆ. ಅಣ್ಣ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

"ಏನ್ ಬರ್ದವ್ರೆ ಇದ್ರಲ್ಲಿ?"

"ಏನಿಲ್ಲ ಅಣ್ಣ, ಸುಮ್ನೆ ಫಾರ್ಮಾಲಿಟಿ. ಸೈನ್ ಬರದವರ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡ್ ಬನ್ನಿ."

ಓದಿ ಹೇಳಲು ಹತ್ತು ನಿಮಿಷ ಸಾಕಿತ್ತು. ಅಂಗಡಿಯಲ್ಲಿ ರಶ್ ಇತ್ತಾ? ಇರಲಿಲ್ಲ. ಸೋಮಾರಿತನ, ಇನ್ನೇನು...

ನನ್ನ ಅಂಗಡಿಯದೇ ಇಂಕ್ ಪ್ಯಾಡ್ ಜೇಬಿಗೆ ಹಾಕಿಕೊಂಡು ಅಣ್ಣ ಹ್ಯಾಂಡ್‌ಪೋಸ್ಟ್ ಕಡೆಯ ಒಂದು ಹಳ್ಳಿಗೆ ಹೋದರು. ಹೊಗೆಸೊಪ್ಪಿನ ಕಾಲ. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಮುಂದೆ ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಹಸಿಸೊಪ್ಪು ಕಟ್ಟುತ್ತಿದ್ದರಂತೆ. ಅವರಲ್ಲೊಬ್ಬಳು ಮುದುಕಿ. "ಬೊಚ್ಚುಬಾಯಿ ಮುದ್ಕಿ ಪಟ ಯಾವೋನಪ್ಪ ನೋಡೋನು?" ಎಂದು ಬಾಯ್ತುಂಬ ನಕ್ಕಳಂತೆ. ಆ ನಗು ಸಿಕ್ಕಿತು. ಸೊಪ್ಪಿನ ಅಂಟು ಹತ್ತಿ ಕಪ್ಪಗಾದ ಬೆರಳಿನಿಂದ ಗುರುತು ಮೂಡಲಿಲ್ಲವಾಗಿ, ಅಣ್ಣ ತಾವೇ ಬೂದಿ ಹಾಕಿ ಅವಳ ಕೈ ತಿಕ್ಕಿ ತೊಳೆದು ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಆ ಫೋಟೋ ನನ್ನ ಪರದೆ ಮೇಲೆ ತೆರೆದಾಗ ನಾನೂ ನಕ್ಕಿದ್ದೆ. ಹಾಗಿತ್ತು ಅದು. ಹಾಕಿದ ಎರಡು ವಾರದಲ್ಲಿ ಮೂರು ಸಲ ಬಿಕರಿಯಾಯಿತು.

ಅಷ್ಟರಲ್ಲಿ ಆ ಹಳ್ಳಿಯಲ್ಲಿ ಮಾತು ಹಬ್ಬಿತ್ತು. ಸ್ಟುಡಿಯೋದವನು ಬೇಕೆಂದೇ ಗಂಡಸರಿಲ್ಲದ ಹೊತ್ತು ನೋಡಿ ಬಂದ, ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಆ ಊರಿನಲ್ಲಿ ಹಿಂದೆ ಯಾರದೋ ಜಮೀನು ಹೀಗೇ ಒಂದು ಹೆಬ್ಬೆಟ್ಟಿನಲ್ಲಿ ಹೋಗಿತ್ತಂತೆ. ಹತ್ತು ಹನ್ನೆರಡು ಜನ ಟೆಂಪೋ ಮಾಡಿಕೊಂಡು ಬಂದರು. ಮುಂದೆ ನಿಂತು ಕೂಗಾಡಿದವನು ಆ ಮುದುಕಿಯ ಮಗ. ಅವನ ಮದುವೆಯ ಫೋಟೋ ತೆಗೆದವರೂ ಅಣ್ಣನೇ.

ಓದಿ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡು ನಾನು ನಡುವೆ ಹೋದೆ. ಫಾರಂ ಹಿಡಿದು ಅಲ್ಲೇ ಕನ್ನಡ ಮಾಡುತ್ತ ಓದಿದೆ. ಈ ಚಿತ್ರವನ್ನು ಲೋಕದ ಯಾವ ಭಾಗದಲ್ಲಾದರೂ, ಯಾವ ಕೆಲಸಕ್ಕಾದರೂ, ಎಂದೆಂದಿಗೂ ಬಳಸುವ ಹಕ್ಕು ಕೊಟ್ಟಿದ್ದೇನೆ. ಮುಂದೆ ನಾನಾಗಲಿ, ನನ್ನ ವಾರಸುದಾರರಾಗಲಿ ಏನನ್ನೂ ಕೇಳುವಂತಿಲ್ಲ... ಓದುತ್ತ ಓದುತ್ತ ನನ್ನ ದನಿಯೇ ಇಳಿಯಿತು. ವಾರಸುದಾರರು ಅಂದದ್ದೇ ತಡ, ಗಲ್ಲಿಯೇ ಹಾರಿಹೋಗುವ ಹಾಗೆ ಗಲಾಟೆ ಎದ್ದಿತು.

ಅಣ್ಣ ಗಲಾಟೆಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

"ಅಂಗಂತ ಬರ್ದೈತಾ?"

ಕಾಗದ ಕೊಟ್ಟವರು ಯಾರು ಎಂದು ಜನ ಕೇಳಿದರು. ನಾನು ಪ್ರಿಂಟರ್ ಪಕ್ಕದಲ್ಲೇ ನಿಂತಿದ್ದೆ. ಅಣ್ಣ "ನಾನೇ ತಂದದ್ದು" ಅಂದರು. ನಾನು ಸುಮ್ಮನಿದ್ದೆ. ಥೂ, ಈಗಲೂ ನಾಚಿಕೆಯಾಗುತ್ತದೆ.

ಅವರವರ ಕಾಗದ ಅವರವರಿಗೆ ಕೊಟ್ಟರು. ಕ್ಯಾಮೆರಾದಲ್ಲಿದ್ದದ್ದನ್ನು ಅವರ ಕಣ್ಣೆದುರೇ ಅಳಿಸಿದರು. ನನ್ನ ಕಂಪ್ಯೂಟರಿನಿಂದ, ವೆಬ್‌ಸೈಟಿನಿಂದ ಎಲ್ಲ ಕಡೆಯಿಂದ ತೆಗೆಸಿದರು. ಎಲ್ಲರೂ ಹೋದ ಮೇಲೆ ಮೆಲ್ಲಗೆ, ಆ ಮೂರು ಫೋಟೋ ಯಾರ ಮನೆಗೆ ಹೋಗಿವೆ ಎಂದು ಕೇಳಿದರು. ಅದು ಗೊತ್ತಾಗುವುದಿಲ್ಲ ಅಣ್ಣ ಅಂದೆ. ಗೋಡೆ ಗೋಡೆಯ ಲೆಕ್ಕ ಹೇಳುತ್ತಿದ್ದ ಮನುಷ್ಯ ಎದ್ದು ಸ್ಟುಡಿಯೋ ಬಾಗಿಲೆಳೆದು ಮನೆಗೆ ಹೋದರು.

ಆ ವರ್ಷ ಆ ಸೀಮೆಯಿಂದ ಒಂದೇ ಒಂದು ಮದುವೆಗೆ ಕರೆ ಬರಲಿಲ್ಲ, ಮುಂದಿನ ವರ್ಷವೂ ಇಲ್ಲ. ಅಣ್ಣ ಪಾಸ್‌ಪೋರ್ಟ್ ಸೈಜ್ ಫೋಟೋ, ಲ್ಯಾಮಿನೇಷನ್ ಮಾಡಿಕೊಂಡಿದ್ದರು.

ಮೂರನೇ ವರ್ಷ ಆ ಮುದುಕಿಯ ಮಗ ಬಂದ. ತಲೆ ಬೋಳಿಸಿದ್ದ. ಒಳಗೆ ಬರದೆ ಬಾಗಿಲಲ್ಲೇ ನಿಂತು, ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಕಾಗದ ತೆಗೆದು ಬಿಡಿಸಿದ. ನಾನು ಪ್ರಿಂಟ್ ತೆಗೆದ ಅದೇ ಫಾರಂ. ಕೆಳಗೆ ನೇರಳೆ ಹೆಬ್ಬೆಟ್ಟು.

"ನಮ್ಮವ್ವಂದು ಹನ್ನೊಂದ್‌ನೇ ದಿನ ಐತೆ ಅಣ್ಣ. ಮನೇಲಿ ಒಂದು ಪಟ ಇಲ್ಲ, ನನ್ ಮದ್ವೆ ಪಟದಲ್ಲೂ ಅವ್ವ ನಿಂತಿಲ್ಲ. ಚೀಟಿ ತಂದಿವ್ನಿ... ಆ ನಗೋ ಪಟ ಕೊಡಿ."

ಫೋಟೋ ತೆಗೆದ ಮೇಲೆ ಚೀಟಿ ಕೊಡುವುದು ಎಲ್ಲ ಸ್ಟುಡಿಯೋಗಳ ಪದ್ಧತಿ. ಚೀಟಿ ತೋರಿಸಿದರೆ ಫೋಟೋ ಸಿಗುತ್ತದೆ. ಅವನು ಈ ಫಾರಮನ್ನೂ ಅಂಥ ಚೀಟಿಯ ಹಾಗೇ ಜೋಪಾನ ಮಾಡಿದ್ದ. ಅಣ್ಣ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಆ ಹೆಬ್ಬೆಟ್ಟನ್ನೇ ನೋಡುತ್ತ ಕೂತರು. ನಾನು ಓಡಿ ಹೋಗಿ ವೆಬ್‌ಸೈಟ್ ಹುಡುಕಿದೆ, ಹಳೇ ಸಿ.ಡಿ.ಗಳನ್ನೆಲ್ಲ ಹಾಕಿ ನೋಡಿದೆ. ಇಲ್ಲ. ಯಾವುದೋ ಮೂರು ದೇಶದ ಮೂರು ಕಂಪ್ಯೂಟರಿನಲ್ಲಿ ಆ ಅಜ್ಜಿ ನಗುತ್ತಿದ್ದಳು. ಅವಳ ಮನೆಗೆ ಕೊಡಲು ಮಾತ್ರ ನಮ್ಮ ಹತ್ತಿರ ಒಂದೂ ಇರಲಿಲ್ಲ.

ವೋಟರ್ ಕಾರ್ಡಿನ ಮಸುಕು ಫೋಟೋವನ್ನೇ ದೊಡ್ಡದು ಮಾಡಿ, ನಾಲ್ಕು ದಿನ ಕೂತು ತಿದ್ದಿ, ಕಟ್ಟು ಹಾಕಿಸಿ ಕೊಟ್ಟರು. ತಾವೇ ತೆಗೆದುಕೊಂಡು ಹೋಗಿ ಗೋಡೆಗೆ ಮೊಳೆ ಹೊಡೆದು ಬಂದರು. ಅದರಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಆ ಕಡೆಯಿಂದ ಒಂದೆರಡು ಮದುವೆಗೆ ಕರೆ ಬಂತು. ಅಣ್ಣ ಕೈ ನಡುಗುತ್ತದೆ ಅಂತ ನೆಪ ಹೇಳಿ ಹೋಗಲಿಲ್ಲ.

ಅವರು ಹೋಗಿ ಆರೇಳು ವರ್ಷವಾಯಿತು. ಸ್ಟುಡಿಯೋ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಕಾಗದ ಪ್ರಿಂಟ್ ತೆಗೆದವಳು ನಾನು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅವರೂ ಹೇಳಲಿಲ್ಲ.

ನೋಂದಣಿ ಕಚೇರಿಯಲ್ಲಿ ಗುಮಾಸ್ತ ಅಜ್ಜಿಯ ಹೆಬ್ಬೆರಳನ್ನು ಹಿಡಿದು ಪ್ಯಾಡಿಗೆ ಒತ್ತುವುದರಲ್ಲಿದ್ದ. ಅಜ್ಜಿ ಕೈ ಹಿಂದೆಳೆದುಕೊಂಡು, ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದಳು.

"ಏನ್ ಬರ್ದವ್ರೆ ನೋಡವ್ವ ಇದ್ರಲ್ಲಿ."

ಆರು ಪುಟ ಇತ್ತು. ಗುಮಾಸ್ತ ಗಡಿಯಾರ ನೋಡಿದ, ಹಿಂದಿನವರು ಗೊಣಗಿದರು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದಕ್ಷರ ಬಿಡದೆ ಓದಿ ಹೇಳಿದೆ. ಆವತ್ತು ಅಣ್ಣನಿಗೂ ಹೀಗೇ ಓದಿ ಹೇಳಬೇಕಿತ್ತು.