ತತ್ತಿ ಮೀನು ವಾಪಸ್ ಕಳಿಸಿದವರು

ಎರಡೂ ಅಂಗೈಗಳಿಗೆ ಅಡ್ಡಲಾಗಿ ಹುರಿ ಕೊರೆದ ಗುರುತಿತ್ತು. ಹರೆಯದಲ್ಲಿ ಸಮುದ್ರದಿಂದ ಬಲೆ ಎಳೆದು ಆದದ್ದು. ಆಮೇಲೆ ತುಮಕೂರಿನಲ್ಲಿ ವರ್ಷಗಟ್ಟಲೆ ಐಸಿನಲ್ಲಿ ಕೈಯಾಡಿಸಿ ಸುತ್ತಲ ಚರ್ಮ ಬಿಳಿಚಿಕೊಂಡಿತ್ತು. ನಮ್ಮ ಪತ್ರಿಕಾ ಕಚೇರಿಯ ಹಿಂದಿನ ರಸ್ತೆಯ ಮೀನಂಗಡಿಯವರನ್ನು ನೆನೆದರೆ ಮೊದಲು ಕಾಣುವುದು ಆ ಕೈಗಳು.

ಅವರು ಕರಾವಳಿಯವರು. ಗುಬ್ಬಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದ್ದರಿಂದ ಮಾತು ಪೂರ್ತಿ ನಮ್ಮ ಕಡೆಯದಾಗಿತ್ತು. ಅವರ ತಮ್ಮ ಮಾತ್ರ ಊರಲ್ಲೇ ಉಳಿದು ದೋಣಿ ನಡೆಸುತ್ತಿದ್ದ. ಅವನು ಹಿಡಿದ ಮೀನು ಲಾರಿಯಲ್ಲಿ ಅಂಗಡಿಗೆ ಬರುತ್ತಿತ್ತು. ಊರಿನೆದುರಿನ ದ್ವೀಪದ ಸುತ್ತಲಿನ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಿ, ಅಲ್ಲಿ ಬಲೆ ಬೀಸುವುದನ್ನು ನಿಲ್ಲಿಸುವ ಮಾತು ಬಂದಾಗ ಇವರು ಊರಿಗೆ ಹೋಗಿ, ಸಭೆಯಲ್ಲಿ ಕೂತು, ಒಲ್ಲೆವೆಂದವರನ್ನು ಒಪ್ಪಿಸಿದ್ದರು. ಮೀನು ತತ್ತಿಯಿಡಲು ಸೇರುವುದು ಅಲ್ಲಿನ ಬಂಡೆಗಳ ನಡುವೆ, ಅಲ್ಲಿ ಹಿಡಿಯದೆ ಬಿಟ್ಟರೆ ಹೊರಗಿನ ನೀರಲ್ಲೂ ಮೀನು ತುಂಬುತ್ತದೆ ಎಂಬುದು ಅವರ ವಾದ. ಅಣ್ಣನ ಮಾತಿಗೆ ತಮ್ಮನೂ ಕೈ ಎತ್ತಿದ್ದ.

ಸಂರಕ್ಷಿತ ಪ್ರದೇಶದ ಗೆರೆ ಬಿದ್ದ ಮೇಲೆ ಚಿಕ್ಕ ದೋಣಿಗಳು ದೂರ ಹೋಗಬೇಕಾಯಿತು. ಡೀಸೆಲ್ ಹೆಚ್ಚು, ಮೀನು ಕಡಿಮೆ. ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗ ತಮ್ಮನ ಪೆಟ್ಟಿಗೆ ಬಂತು. ಒಳಗೆ ಬರೀ ಬಂಡೆಯ ಮೀನು, ಹೊಟ್ಟೆ ತುಂಬ ತತ್ತಿ. ನಮ್ಮ ಕಡೆ ಅದಕ್ಕೆ ಜನ ಮುಗಿಬೀಳುತ್ತಾರೆ. ಗೂಳೂರಿನ ಗಿರಾಕಿಯೊಬ್ಬರು ಆಗಲೇ ಚೀಲ ಬಿಡಿಸಿದ್ದರು. ಇವರು ಒಂದು ಮೀನನ್ನು ತಿರುಗಿಸಿ ನೋಡಿ, ಮುಚ್ಚಳ ಹಾಕಿ, ಇದು ಗೆರೆಯೊಳಗೆ ಹಿಡಿದದ್ದು, ಮಾರುವುದಿಲ್ಲ ಎಂದರು.

“ಮೀನಂಗಡೀಲಿ ಮೀನು ಕೊಡಲ್ಲ ಅಂದ್ರೆ ಹೆಂಗಯ್ಯಾ? ಗಂಟೆ ಕಟ್ಟಿ ದೇವಸ್ಥಾನ ಮಾಡ್ಬುಡು,” ಎಂದರು ಗೂಳೂರಿನವರು.

“ಬಿತ್ತನೆ ರಾಗೀನ ಮಿಲ್‌ಗೆ ಹಾಕುಸ್ತೀರಾ ಗೌಡ್ರೇ? ಇದೂ ಹಂಗೇಯ.”

ಅದೇ ಲಾರಿಯಲ್ಲಿ ಪೆಟ್ಟಿಗೆ ವಾಪಸ್ ಹೋಯಿತು. ಮರುದಿನ ತಮ್ಮನ ಫೋನ್ ಬಂತು. ಕೈ ಒದ್ದೆಯಿದ್ದುದರಿಂದ ಇವರು ಸ್ಪೀಕರ್ ಹಾಕಿದ್ದರು.

“ಸತ್ತ ಮೀನು ವಾಪಸ್ ಕಳ್ಸಿದ್ರೆ ಬದುಕ್ತದಾ? ನೀನು ಅಲ್ಲಿ ತಕ್ಕಡಿ ಹಿಡ್ಕೊಂಡು ಕೂತಿದ್ದಿ. ಇಲ್ಲಿ ಮಕ್ಕಳ ಹೊಟ್ಟೆ ನೋಡೋನು ನಾನು.”

“ಸಭೇಲಿ ಕೈ ಎತ್ತುಸ್ದೋನು ನಾನು ಕಣೋ. ನಾನೇ ಮಾರುದ್ರೆ ಊರೋರ ಮುಖ ಹೆಂಗ್ ನೋಡ್ಲಿ?”

ತಮ್ಮ ಫೋನ್ ಇಟ್ಟ. ಆಮೇಲೆ ಅವನ ಪೆಟ್ಟಿಗೆಯೂ ಬರಲಿಲ್ಲ, ಮಾತೂ ಬರಲಿಲ್ಲ. ಇವರು ಬೇರೆಯವರಿಂದ ಮೀನು ತರಿಸಿಕೊಂಡರು. ಒಮ್ಮೆ ಚಹಾ ಕುಡಿಯುತ್ತಾ, ಕೇಳದೆಯೇ ಹೇಳಿದರು: “ಅವನು ಅಂದಿದ್ದು ಸುಳ್ಳಲ್ಲ. ಮೀನಿಗೆ ಜಾಗ ಮಾಡುದ್ವಿ. ದೋಣಿಯೋರಿಗೆ ಏನ್ ಮಾಡುದ್ವಿ?” ಪತ್ರಿಕೆಗೆ ಇಂಥ ಸಂರಕ್ಷಿತ ಪ್ರದೇಶದ ಸುದ್ದಿ ಬಂದಾಗಲೆಲ್ಲ, ಮೊದಲು ಅಲ್ಲಿ ಯಾರು ಮೀನು ಹಿಡಿಯುತ್ತಿದ್ದರು ಎಂದು ವಿಚಾರಿಸುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ.

ಕಳೆದ ವರ್ಷ ಹೃದಯಾಘಾತದಿಂದ ಅವರು ತೀರಿಕೊಂಡರು. ಮಣ್ಣಾದ ಮೇಲೆ ತಮ್ಮ ಬಂದು ತಲುಪಿದ. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದವನನ್ನು, ಗೆರೆಯ ಹೊರಗೆ ಈಗ ಮೀನು ಹೇಗೆ ಎಂದು ಕೇಳಿದೆ.

“ಸಿಗ್ತದೆ. ಹೋದ ಮಳೆಗಾಲ ಕಳೆದ ಮೇಲಿಂದ ಚೆನ್ನಾಗೇ ಸಿಗ್ತದೆ,” ಎಂದ. “ಅಣ್ಣಂಗೆ ನಾನು ಹೇಳ್ಲಿಲ್ಲ.”