ಲಲಿತಮ್ಮ ಸಿಸ್ಟರು ಕಂಡ ಕಣ್ಣು

ಲಲಿತಮ್ಮ ಸಿಸ್ಟರ ಕೈಗೆ ಡಾಕ್ಟರ ಚೀಟಿ ಕೊಟ್ಟರೆ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಳ್ಳೋರು. ಮೊದಲು ಮುಖ ನೋಡಬೇಕು ಅವರಿಗೆ. "ಚೀಟಿ ಯಾರೋ ಬರೆದಿದ್ದು, ಮುಖ ನಿಮ್ದೇ ಅಲ್ವಾ" ಅನ್ನೋರು. ಕುಳ್ಳಗೆ, ದುಂಡಗೆ, ಚಾಮರಾಜಪೇಟೆಯ ಆ ಪುಟ್ಟ ನರ್ಸಿಂಗ್ ಹೋಮ್ ತುಂಬಾ ಅವರೇ ಓಡಾಡಿದ ಹಾಗೆ ಕಾಣೋದು.

ನನ್ನ ಮೊಮ್ಮಗಳು ಚಿನ್ನಿಗೆ ಆಗ ಆರು ವರ್ಷ. ಒಂದು ಬೆಳಿಗ್ಗೆ ಉಬ್ಬಸ ಜಾಸ್ತಿಯಾಗಿ ಮಾತೇ ಹೊರಡಲಿಲ್ಲ. ಶಂಕರಪುರದಿಂದ ಆಟೋದಲ್ಲಿ ಎತ್ತಿಕೊಂಡು ಹೋದೆ. ಸಿಸ್ಟರು ಮೂಗು ಬಾಯಿಗೆ ಮಾಸ್ಕ್ ಇಟ್ಟು ಔಷಧಿಯ ಹಬೆ ಬಿಟ್ಟರು. ಮಗು ಹೆದರಿ ಕಿತ್ತು ಹಾಕಿತು. ಕೊನೆಗೆ ನಾನೇ ತೊಡೆ ಮೇಲೆ ಕೂರಿಸಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಮಾಸ್ಕ್ ಹಿಡಿದು ಕೂತೆ.

ಮೂರು ಸಲ ಹಿಡಿದ ಮೇಲೆ ಉಸಿರು ಸಲೀಸಾಯಿತು. ಮಗುವಿನ ಕೈ ಮಾತ್ರ ಗಡಗಡ, ಎದೆ ಡವಡವ. "ಔಷಧಿ ಕುಣಿಸ್ತಿದೆ ಕಣಮ್ಮ, ಇಳಿಯತ್ತೆ" ಅಂದರು ಸಿಸ್ಟರು.

ಅಷ್ಟರಲ್ಲಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಮುಖ ಗಂಟಿಕ್ಕಿದರು. ಚಿನ್ನಿಯ ಬಲಗಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು, ಎಡಗಣ್ಣಿಂದು ಮೆಣಸಿನ ಕಾಳಿನಷ್ಟು. "ತಲೆಯೊಳಗೆ ಏನಾದ್ರೂ ಆಗಿರಬಹುದು, ಸ್ಕ್ಯಾನ್‌ಗೆ ದೊಡ್ಡಾಸ್ಪತ್ರೆಗೆ ಕಳಿಸೋಣ" ಅಂದರು.

ಇದು ದೃಷ್ಟಿಯೇ ಅಂದುಕೊಂಡೆ. "ಸಿಸ್ಟರೇ, ನಾಕು ಒಣಮೆಣಸಿನಕಾಯಿ ಕೊಡಿ, ನಿವಾಳಿಸಿ ಸುಟ್ಟುಬಿಡ್ತೀನಿ."

"ಉಬ್ಬಸದ ಮಗೂಗೆ ಮೆಣಸಿನಕಾಯಿ ಘಾಟಾ? ಭೇಷ್ ಅಜ್ಜಿ" ಅಂತ ನನ್ನ ಕಡೆ ತಿರುಗಿದವರು ಹಾಗೇ ನಿಂತರು. ನನ್ನ ಗಲ್ಲ ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿದರು.

"ಡಾಕ್ಟ್ರೇ, ಇಲ್ನೋಡಿ. ಅಜ್ಜಿದೂ ಒಂದು ಕಣ್ಣು ಹಂಗೇ ಆಗಿದೆ. ಇಬ್ಬರಿಗೂ ಒಂದೇ ಸಲ ತಲೆ ಕೆಡತ್ತಾ?"

ನಾನು ಹಿಡಿದ ಮಾಸ್ಕಿನ ಸಂದಿಯಿಂದ ಹಬೆ ಸೋರಿ, ಅವಳ ಎಡಗಣ್ಣಿಗೂ ಒತ್ತಿಕೊಂಡಿದ್ದ ನನ್ನ ಬಲಗಣ್ಣಿಗೂ ಹೋಗಿತ್ತು. ಹಾಗೆ ಪಾಪೆ ಹಿಗ್ಗಿಸೋ ಔಷಧಿಯೂ ಅದರಲ್ಲಿ ಇತ್ತಂತೆ. ಡಾಕ್ಟರು ಮಗುವನ್ನು ಮಾತಾಡಿಸಿ, ನಡೆಸಿ ನೋಡಿ, ಇಲ್ಲೇ ಇಟ್ಕೊಂಡು ಕಾಯೋಣ ಅಂದರು. "ಅಜ್ಜಿ, ನೀನು ಬೆಕ್ಕು, ನಾನು ಮರಿ" ಅಂತ ಚಿನ್ನಿಗೆ ಕುಶಾಲು. ಮಾರನೇ ದಿನಕ್ಕೆ ನಮ್ಮಿಬ್ಬರ ನಾಲ್ಕೂ ಪಾಪೆ ಸಾಸಿವೆಯಾದವು. ನಾನು ಸಿಸ್ಟರನ್ನು ತಬ್ಬಿಕೊಂಡು ಅವರ ಕನ್ನಡಕ ಬೀಳಿಸಿದೆ.

ಹೋದ ತಿಂಗಳು ಅವರು ಕೆಲಸ ಬಿಟ್ಟು ಊರಿಗೆ ಹೋದರು. ಹೊರಡೋ ದಿನ ಚಿನ್ನಿ ಮೆಟ್ಟಿಲೆಲ್ಲ ಓಡಿ ಹತ್ತಿ ಅವರ ಮುಂದೆ ನಿಂತಳು. ಸಿಸ್ಟರು ಬಗ್ಗಿ, ಉಬ್ಬಸದ ಸುಯ್ ಸದ್ದು ಹುಡುಕಿ ಅವಳ ಬೆನ್ನಿಗೆ ಕಿವಿ ಇಟ್ಟರು, ಎಷ್ಟೋ ಹೊತ್ತು.

"ಏನೂ ಕೇಳಿಸ್ತಾನೇ ಇಲ್ವಲ್ಲೇ ಕಳ್ಳಿ" ಅಂದರು.